ಹೆಚ್ಚು ಕಂಡಿದ್ದೆಲ್ಲ ಲಾಭವಲ್ಲ: ಸ್ತನ ಕ್ಯಾನ್ಸರ್ ಪತ್ತೆಯ ಹೊಸ ಯಂತ್ರಗಳನ್ನು ಅಳೆಯುವುದು ಹೇಗೆ?

ಸ್ತನ ಕ್ಯಾನ್ಸರ್ ತಪಾಸಣೆಗೆ ಹೊಸ ಯಂತ್ರ ಬಂತು ಅಂದರೆ ಸುದ್ದಿಯ ತಲೆಬರಹ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ‘ಶೇ. ಇಷ್ಟು ಹೆಚ್ಚು ಕ್ಯಾನ್ಸರ್ ಪತ್ತೆ’. ಜಾಸ್ತಿ ಪತ್ತೆಯಾದರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸುವುದು ಸಹಜ. ಈ ಕಾಯಿಲೆಯ ಲೆಕ್ಕ ಮಾತ್ರ ಅಷ್ಟು ಸುಲಭವಲ್ಲ.

ಸ್ತನದಲ್ಲಿ ಹುಟ್ಟುವ ಕ್ಯಾನ್ಸರ್‌ಗಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ನೋಡನೋಡುತ್ತಿದ್ದಂತೆ ಕಂಕುಳಿನ ಗ್ರಂಥಿಗಳಿಗೆ ಹಬ್ಬುತ್ತವೆ. ಇನ್ನು ಕೆಲವು ಹಾಲಿನ ನಾಳದೊಳಗೇ ವರ್ಷಗಟ್ಟಲೆ ಸುಮ್ನೆ ಕೂತಿರುತ್ತವೆ. ಆ ಮಹಿಳೆ ಮುಪ್ಪಿನಲ್ಲಿ ಬೇರೇನೋ ಕಾರಣಕ್ಕೆ ತೀರಿಕೊಂಡರೂ ಅದು ಇತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಯಾವುದು ಯಾವ ಜಾತಿಯದು ಅಂತ ಪತ್ತೆಯಾದ ದಿನವೇ ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಾಗಿ ಕಂಡವರಿಗೆಲ್ಲ ಚಿಕಿತ್ಸೆ: ಆಪರೇಷನ್, ರೇಡಿಯೇಷನ್, ವರ್ಷಾನುಗಟ್ಟಲೆ ಮಾತ್ರೆ. ಬ್ರಿಟನ್ನಿನ ಸ್ವತಂತ್ರ ತಜ್ಞರ ಸಮಿತಿಯೊಂದು 2012ರಲ್ಲಿ ಇದರ ಲೆಕ್ಕ ಹಾಕಿತ್ತು. 50 ವರ್ಷದ 10,000 ಮಹಿಳೆಯರನ್ನು 20 ವರ್ಷ ತಪಾಸಣೆಗೆ ಕರೆದರೆ 43 ಸಾವು ತಪ್ಪುತ್ತದೆ. ಅದೇ ಹೊತ್ತಿಗೆ 129 ಮಂದಿ, ಎಂದೂ ತೊಂದರೆ ಕೊಡದಿದ್ದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಾರೆ. ಇಷ್ಟಾದರೂ ತಪಾಸಣೆ ಮುಂದುವರಿಯಲಿ ಅಂತಲೇ ಸಮಿತಿ ಹೇಳಿತು. ಮಹಿಳೆಯರಿಗೆ ಈ ಎರಡೂ ಅಂಕಿ ಗೊತ್ತಿರಲಿ ಅನ್ನುವುದು ಅದರ ಒತ್ತಾಯವಾಗಿತ್ತು.

ಹಾಗಾದರೆ ಹೊಸ ಯಂತ್ರವನ್ನು ಯಾವುದರಿಂದ ಅಳೆಯಬೇಕು? ಸಾವಿನ ಸಂಖ್ಯೆ ಇಳಿಯಿತಾ ಅಂತ ನೋಡುವುದೇ ಸರಿ. ಆದರೆ ಅದು ತಿಳಿಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಆ ಯಂತ್ರವೇ ಗುಜರಿಗೆ ಹೋಗಿರುತ್ತದೆ. ಇದಕ್ಕೆ ಸಂಶೋಧಕರು ನಡುವಿನ ಒಂದು ಅಳತೆಗೋಲು ಇಟ್ಟುಕೊಂಡಿದ್ದಾರೆ. ತಪಾಸಣೆಯಲ್ಲಿ ‘ಏನೂ ಇಲ್ಲ’ ಅಂತ ರಿಪೋರ್ಟ್ ಬಂದ ಮೇಲೆ, ಮುಂದಿನ ತಪಾಸಣೆಯ ಸರದಿ ಬರುವ ಮೊದಲೇ ಗಂಟಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಇರುತ್ತದೆ. ಅದನ್ನು ಇಂಟರ್ವಲ್ ಕ್ಯಾನ್ಸರ್ ಅಂತಾರೆ. ಸಾಮಾನ್ಯವಾಗಿ ಇವೇ ಜೋರಾಗಿ ಬೆಳೆಯುವ, ಜೀವಕ್ಕೆ ಎರವಾಗುವ ಬಗೆಯವು. ಹೊಸ ಯಂತ್ರ ಅಪಾಯದ ಕ್ಯಾನ್ಸರನ್ನೇ ಬೇಗ ಹಿಡಿಯುತ್ತಿದ್ದರೆ ಇವುಗಳ ಸಂಖ್ಯೆ ಇಳಿಯಬೇಕು. ಪತ್ತೆ ಮಾತ್ರ ಏರಿ ಇದು ಇಳಿಯದಿದ್ದರೆ, ಆ ಯಂತ್ರ ನಿರುಪದ್ರವಿಗಳನ್ನೇ ಹೆಕ್ಕಿ ತರುತ್ತಿರಬಹುದು ಅನ್ನುವ ಅನುಮಾನ ಬರುತ್ತದೆ. ಈಚಿನ ವರ್ಷಗಳಲ್ಲಿ ಬಂದ ಒಂದೊಂದು ತಂತ್ರಜ್ಞಾನಕ್ಕೂ ಇದೇ ಅಳತೆಗೋಲು ಹಿಡಿದು ನೋಡೋಣ.

ಮೊದಲು ಹಳೆಯ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಏನು ಮಾಡುತ್ತದೆ ಅಂತ ತಿಳಿಯಬೇಕು. ಮಾಡಿಸಿಕೊಂಡವರಿಗೆ ಗೊತ್ತು, ಆ ಕೋಣೆ ತಣ್ಣಗಿರುತ್ತದೆ, ಯಂತ್ರದ ತಟ್ಟೆ ಇನ್ನೂ ತಣ್ಣಗಿರುತ್ತದೆ. ಟೆಕ್ನಿಷಿಯನ್ ಸ್ತನವನ್ನು ತಟ್ಟೆಯ ಮೇಲೆ ಹರಡಿ, ಮೇಲಿನಿಂದ ಪಾರದರ್ಶಕ ಫಲಕವನ್ನು ಇಳಿಸಿ ಒತ್ತುತ್ತಾರೆ. ‘ಉಸಿರು ಹಿಡೀರಿ’ ಅನ್ನುತ್ತಾರೆ. ಕೆಲವು ಸೆಕೆಂಡು, ಅಷ್ಟೆ. ಆಮೇಲೆ ಯಂತ್ರದ ತೋಳನ್ನು ಓರೆ ಮಾಡಿ ಇನ್ನೊಂದು. ಒಂದೊಂದು ಸ್ತನಕ್ಕೆ ಎರಡು, ಒಟ್ಟು ನಾಲ್ಕು ಚಿತ್ರ. ಒತ್ತುವುದು ನೋವು ಕೊಡಲಿ ಅಂತಲ್ಲ. ಅಂಗಾಂಶ ತೆಳ್ಳಗೆ ಹರಡಿದಷ್ಟೂ ಕಡಿಮೆ ಎಕ್ಸ್‌ರೇ ಸಾಕು, ಚಿತ್ರವೂ ಸ್ಪಷ್ಟ. ಉರುಗ್ವೆಯ ವೈದ್ಯ ರೌಲ್ ಲೆಬೋರ್ನ್ 1949ರ ಸುಮಾರಿಗೆ ಈ ಒತ್ತುವ ಕ್ರಮದ ಮಹತ್ವ ತೋರಿಸಿಕೊಟ್ಟರು. ಇವತ್ತಿಗೂ ಅದನ್ನು ಬಿಡಲು ಆಗಿಲ್ಲ.

ಇದರ ಮಿತಿ ಏನೆಂದರೆ ದಪ್ಪವಿರುವ ವಸ್ತುವಿನ ಚಿತ್ರ ಒಂದೇ ಹಾಳೆಯ ಮೇಲೆ ಬೀಳುತ್ತದೆ. ಕೊಬ್ಬು ಕಪ್ಪಾಗಿ, ಹಾಲಿನ ಗ್ರಂಥಿ ಮತ್ತು ನಾರು ಬೆಳ್ಳಗೆ ಕಾಣುತ್ತವೆ. ಕ್ಯಾನ್ಸರ್ ಗಂಟೂ ಬೆಳ್ಳಗೇ. ಗ್ರಂಥಿ ಜಾಸ್ತಿಯಿರುವ ಸ್ತನದಲ್ಲಿ ಗಂಟು ಹುಡುಕುವುದೆಂದರೆ ಮಡಿಕೇರಿಯ ಮಂಜಿನಲ್ಲಿ ಬಿಳಿ ಪಂಚೆ ಉಟ್ಟವನನ್ನು ಹುಡುಕಿದ ಹಾಗೆ. ಇದನ್ನೇ ದಟ್ಟ ಸ್ತನ, ಅಂದರೆ ಡೆನ್ಸ್ ಬ್ರೆಸ್ಟ್ ಅಂತಾರೆ. ರಿಪೋರ್ಟ್‌ನಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಇರುತ್ತದೆ. ಸಿ ಮತ್ತು ಡಿ ದಟ್ಟವಾದವು. ವಯಸ್ಸು ಕಡಿಮೆ ಇದ್ದಷ್ಟೂ ದಟ್ಟಣೆ ಜಾಸ್ತಿ. ದಟ್ಟಣೆಯಿಂದ ಗಂಟು ಮರೆಯಾಗುವುದಷ್ಟೇ ಅಲ್ಲ, ಕ್ಯಾನ್ಸರ್ ಬರುವ ಸಾಧ್ಯತೆಯೂ ತುಸು ಹೆಚ್ಚುತ್ತದೆ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಪ್ರತಿ ಮಹಿಳೆಗೂ ಆಕೆಯ ಸ್ತನ ದಟ್ಟವೋ ಅಲ್ಲವೋ ಅಂತ ಲಿಖಿತವಾಗಿ ತಿಳಿಸುವುದು ಕಡ್ಡಾಯವಾಗಿದೆ.

ಫಿಲ್ಮ್ ಹೋಗಿ ಡಿಜಿಟಲ್ ಬಂದದ್ದು ಮೊದಲ ಸುಧಾರಣೆ. 49,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2005ರಲ್ಲಿ ಬಂತು. ಒಟ್ಟಾರೆ ಎರಡೂ ಸಮ. 50ಕ್ಕಿಂತ ಚಿಕ್ಕವರಲ್ಲಿ, ದಟ್ಟ ಸ್ತನದವರಲ್ಲಿ ಡಿಜಿಟಲ್ ಮೇಲು ಅಂತ ಗೊತ್ತಾಯಿತು. ಆಮೇಲೆ 2011ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಯಂತ್ರಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟೋಮೋಸಿಂಥೆಸಿಸ್‌ಗೆ ಒಪ್ಪಿಗೆ ಕೊಟ್ಟಿತು. ನಮ್ಮ ಆಸ್ಪತ್ರೆಗಳ ಜಾಹೀರಾತಿನಲ್ಲಿ ಬರುವ ‘ತ್ರೀಡಿ ಮ್ಯಾಮೊಗ್ರಾಮ್’ ಇದೇ. ಎಕ್ಸ್‌ರೇ ಕೊಳವೆ ಕಮಾನಿನಂತೆ ಸರಿಯುತ್ತಾ ಬೇರೆ ಬೇರೆ ಕೋನದಿಂದ ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನು ಸೇರಿಸಿ ಸುಮಾರು ಒಂದು ಮಿಲಿಮೀಟರ್ ದಪ್ಪದ ಪದರಗಳಾಗಿ ಕೊಡುತ್ತದೆ. ಒಂದರ ಮೇಲೊಂದು ಬಿದ್ದು ಮರೆಯಾಗಿದ್ದವು ಬಿಡಿಸಿಕೊಂಡು ಕಾಣುತ್ತವೆ.

ಇದರ ಫಲಿತಾಂಶ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಜರ್ಮನಿಯಲ್ಲಿ ಸುಮಾರು ಒಂದು ಲಕ್ಷ ಮಹಿಳೆಯರ ಅಧ್ಯಯನದಲ್ಲಿ ಸಾವಿರಕ್ಕೆ 4.8 ಇದ್ದ, ನಾಳ ದಾಟಿ ಬೆಳೆದ ಕ್ಯಾನ್ಸರ್‌ನ ಪತ್ತೆ 7.1ಕ್ಕೆ ಏರಿತು. ನಾರ್ವೆಯ ಬರ್ಗೆನ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಇಂಟರ್ವಲ್ ಕ್ಯಾನ್ಸರ್ ಸ್ಪಷ್ಟವಾಗಿ ಇಳಿಯಿತು ಅನ್ನುವ ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ. ಇದನ್ನು ತೀರ್ಮಾನಿಸಲೆಂದೇ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಟಿಮಿಸ್ಟ್ ಅನ್ನುವ ಅಧ್ಯಯನ ನಡೆಯುತ್ತಿದೆ. ಅದು ಎಣಿಸುತ್ತಿರುವುದು ಪತ್ತೆಯಾದ ಒಟ್ಟು ಕ್ಯಾನ್ಸರನ್ನಲ್ಲ, ಮುಂದುವರಿದ ಹಂತದ ಕ್ಯಾನ್ಸರನ್ನು. ಸರಿಯಾದ ಪ್ರಶ್ನೆ ಅದೇ. ‘ತ್ರೀಡಿ’ ಅನ್ನುವ ಪದಕ್ಕೆ ಮರುಳಾಗಿ ಎರಡು ಪಟ್ಟು ದುಡ್ಡು ಕೊಡುವ ಮೊದಲು ಇಷ್ಟು ತಿಳಿದಿರಲಿ.

ಅಳತೆಗೋಲಿನಲ್ಲಿ ಚೆನ್ನಾಗಿ ಪಾಸಾಗಿರುವುದು ಎಂಆರ್‌ಐ. ನೆದರ್ಲೆಂಡ್ಸ್‌ನಲ್ಲಿ ಡೆನ್ಸ್ ಅನ್ನುವ ಹೆಸರಿನ ಅಧ್ಯಯನ ನಡೆಯಿತು. ಸ್ತನ ಅತಿ ದಟ್ಟವಾಗಿದ್ದು ಮ್ಯಾಮೊಗ್ರಾಮ್ ನಾರ್ಮಲ್ ಬಂದಿದ್ದ 40,373 ಮಹಿಳೆಯರಲ್ಲಿ ಕೆಲವರನ್ನು ಎಂಆರ್‌ಐಗೆ ಕರೆದರು. ಕರೆಯದವರಲ್ಲಿ ಇಂಟರ್ವಲ್ ಕ್ಯಾನ್ಸರ್ ಸಾವಿರಕ್ಕೆ 5, ಕರೆದವರಲ್ಲಿ 2.5. ಅರ್ಧಕ್ಕರ್ಧ ಇಳಿಕೆ. 2019ರಲ್ಲಿ ಬಂದ ಈ ಫಲಿತಾಂಶ ಇಡೀ ಚರ್ಚೆಯನ್ನೇ ಬದಲಿಸಿತು. ಎಂಆರ್‌ಐ ನೋಡುವ ರೀತಿಯೇ ಬೇರೆ. ಗ್ಯಾಡೋಲಿನಿಯಂ ಅನ್ನುವ ಲೋಹ ಇರುವ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಬೆಳೆಯುವ ಕ್ಯಾನ್ಸರ್ ತನಗೆ ಬೇಕಾದ ರಕ್ತನಾಳಗಳನ್ನು ಅವಸರದಲ್ಲಿ ಕಟ್ಟಿಕೊಳ್ಳುತ್ತದೆ, ಅವು ಸೋರುತ್ತವೆ. ಸೋರಿದ ಜಾಗ ಬೆಳಗುತ್ತದೆ. ಹೀಗಾಗಿ ಜೋರಾಗಿ ಬೆಳೆಯುವುದೇ ಚೆನ್ನಾಗಿ ಕಾಣುತ್ತದೆ.

ಇದಕ್ಕೂ ಬೆಲೆ ಇದೆ. ಅದೇ ಅಧ್ಯಯನದಲ್ಲಿ ಎಂಆರ್‌ಐ ಮಾಡಿಸಿಕೊಂಡ ಸಾವಿರ ಮಂದಿಯಲ್ಲಿ ಸುಮಾರು 80 ಮಂದಿಗೆ ಸುಳ್ಳು ಗಾಬರಿ. ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಪರೀಕ್ಷೆ) ಆದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇತ್ತು. ಜೊತೆಗೆ ಯಂತ್ರವೂ ದುಬಾರಿ, ಸಮಯವೂ ದುಬಾರಿ.

ಆದ್ದರಿಂದ ನನ್ನ ಕಣ್ಣು ಇರುವುದು ಎಂಆರ್‌ಐ ಮೇಲಲ್ಲ, ಅದರ ಬಡ ತಮ್ಮನ ಮೇಲೆ. ಮ್ಯಾಮೊಗ್ರಾಮ್ ಯಂತ್ರದಲ್ಲೇ, ಅಯೋಡಿನ್ ಇರುವ ದ್ರವ ಕೊಟ್ಟು, ಕಡಿಮೆ ಮತ್ತು ಹೆಚ್ಚು ಶಕ್ತಿಯ ಎರಡು ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದರೆ ಸಾಮಾನ್ಯ ಅಂಗಾಂಶ ಮಾಯವಾಗಿ ಅಯೋಡಿನ್ ಸೇರಿದ ಜಾಗ ಮಾತ್ರ ಉಳಿಯುತ್ತದೆ. ಇದು ಕಾಂಟ್ರಾಸ್ಟ್ ಮ್ಯಾಮೊಗ್ರಾಮ್. ಬ್ರಿಟನ್ನಿನ ಬ್ರೇಡ್ ಅಧ್ಯಯನ 2025ರಲ್ಲಿ ದಟ್ಟ ಸ್ತನದ 9,361 ಮಹಿಳೆಯರ ಫಲಿತಾಂಶ ಕೊಟ್ಟಿತು. ಮ್ಯಾಮೊಗ್ರಾಮ್‌ನಲ್ಲಿ ಏನೂ ಕಾಣದವರಲ್ಲಿ ಕಾಂಟ್ರಾಸ್ಟ್ ಮ್ಯಾಮೊಗ್ರಾಮ್ ಸಾವಿರಕ್ಕೆ 19.2 ಕ್ಯಾನ್ಸರ್ ಹಿಡಿಯಿತು. ಚುಟುಕು ಎಂಆರ್‌ಐ 17.4, ಯಂತ್ರವೇ ಓಡಾಡಿ ಮಾಡುವ ಅಲ್ಟ್ರಾಸೌಂಡ್ 4.2. ತಮ್ಮ ಅಣ್ಣನಿಗೆ ಸರಿಸಮ ನಿಂತ ಅಂತಾಯಿತು. ಸೂಜಿ ಚುಚ್ಚಬೇಕು, ಅಯೋಡಿನ್ ಅಲರ್ಜಿ ಕೆಲವರಿಗೆ ಆಗುತ್ತದೆ, ಕಿಡ್ನಿ ತೊಂದರೆ ಇರುವವರಿಗೆ ಎಚ್ಚರ ಬೇಕು. ಇನ್ನೂ ಮುಖ್ಯವಾಗಿ, ಈ ಅಂಕಿ ಬರೀ ಪತ್ತೆಯದು. ನಮ್ಮ ಅಳತೆಗೋಲಿಗೆ ಬ್ರೇಡ್ ಇನ್ನೂ ಉತ್ತರ ಕೊಟ್ಟಿಲ್ಲ.

ಕೃತಕ ಬುದ್ಧಿಮತ್ತೆಯ ಕಥೆ ಕೊಂಚ ಹಿಂದಿನಿಂದ ಹೇಳಬೇಕು, ಯಾಕೆಂದರೆ ಇದು ಮೊದಲ ಸಲವಲ್ಲ. 1998ರಲ್ಲೇ ಎಫ್‌ಡಿಎ ಒಂದು ಕಂಪ್ಯೂಟರ್ ಸಹಾಯಕನಿಗೆ ಒಪ್ಪಿಗೆ ಕೊಟ್ಟಿತ್ತು. ಚಿತ್ರದ ಮೇಲೆ ಅನುಮಾನದ ಜಾಗಕ್ಕೆ ಗುರುತು ಹಾಕುವುದು ಅದರ ಕೆಲಸ. ವಿಮೆ ಕಂಪನಿಗಳು ಅದಕ್ಕೆ ಬೇರೆ ದುಡ್ಡು ಕೊಡತೊಡಗಿದವು, ಅಮೆರಿಕದ ತುಂಬ ಹರಡಿತು. 3 ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ಜಾಲಾಡಿದ ಅಧ್ಯಯನ 2015ರಲ್ಲಿ ಬಂತು. ಆ ಸಹಾಯಕ ಇದ್ದರೂ ಇಲ್ಲದಿದ್ದರೂ ಪತ್ತೆ ಒಂದೇ ಅಂತ ಅದು ಹೇಳಿತು. ಸುಮಾರು ಹದಿನೈದು ವರ್ಷ ದುಡ್ಡು ಖರ್ಚಾಗಿತ್ತು.

ಈಗಿನದು ಬೇರೆ ಥರದ್ದು, ಪುರಾವೆಯೂ ಗಟ್ಟಿ. ಸ್ವೀಡನ್‌ನ ಮಸಾಯ್ ಅಧ್ಯಯನ 2021ರಲ್ಲಿ ಶುರುವಾಯಿತು. 1,05,934 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಯ ಚಿತ್ರವನ್ನು ಎಂದಿನಂತೆ ಇಬ್ಬರು ರೇಡಿಯಾಲಜಿಸ್ಟ್‌ಗಳು, ಅಂದರೆ ಚಿತ್ರ ಓದುವ ವೈದ್ಯರು, ನೋಡಿದರು. ಉಳಿದವರ ಚಿತ್ರಕ್ಕೆ ಮೊದಲು ಕಂಪ್ಯೂಟರ್ 1ರಿಂದ 10ರವರೆಗೆ ಅಂಕ ಕೊಟ್ಟಿತು. 9ರವರೆಗೆ ಬಂದರೆ ಒಬ್ಬರೇ ನೋಡುವುದು, 10 ಬಂದರೆ ಇಬ್ಬರು. ಪತ್ತೆ ಶೇ. 29ರಷ್ಟು ಏರಿತು, ಚಿತ್ರ ಓದುವ ಕೆಲಸ ಶೇ. 44ರಷ್ಟು ಇಳಿಯಿತು. ಸುಳ್ಳು ಗಾಬರಿ ಹೆಚ್ಚೇನೂ ಏರಲಿಲ್ಲ. ಇಂಟರ್ವಲ್ ಕ್ಯಾನ್ಸರ್? ಸಾವಿರಕ್ಕೆ 1.76 ಇದ್ದದ್ದು 1.55. ಇಳಿದಿದೆ, ಆದರೆ ಸ್ವಲ್ಪ. ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ‘ಇಬ್ಬರು ವೈದ್ಯರು ನೋಡುವುದಕ್ಕಿಂತ ಕಮ್ಮಿಯಿಲ್ಲ’ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು. ಶೇ. 29ರ ತಲೆಬರಹಕ್ಕೂ ಈ ಮಾತಿಗೂ ಎಷ್ಟು ಅಂತರ ನೋಡಿ.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ವಿಷಯ ಇದೆ. ಯುರೋಪಿನ ತಪಾಸಣಾ ಕೇಂದ್ರಗಳಲ್ಲಿ ಪ್ರತಿ ಚಿತ್ರವನ್ನೂ ಇಬ್ಬರು ನೋಡುವುದು ರೂಢಿ. ಮಸಾಯ್‌ನಲ್ಲಿ ಉಳಿದದ್ದು ಎರಡನೆಯವರ ಸಮಯ. ನಮ್ಮಲ್ಲಿ ಸಾಮಾನ್ಯವಾಗಿ ನೋಡುವವರೇ ಒಬ್ಬರು. ಅವರೇ ಬೆಳಗ್ಗೆಯಿಂದ ಹೊಟ್ಟೆ ಸ್ಕ್ಯಾನ್, ಎದೆ ಎಕ್ಸ್‌ರೇ, ತಲೆಯ ಸಿಟಿ ಎಲ್ಲ ನೋಡಿ ನಡುವೆ ಮ್ಯಾಮೊಗ್ರಾಮ್ ನೋಡುವವರು. ಇಲ್ಲದ ಎರಡನೆಯವರನ್ನು ಉಳಿಸುವುದು ಹೇಗೆ? ಇಲ್ಲಿ ಕಂಪ್ಯೂಟರ್ ಎರಡನೆಯ ಕಣ್ಣಾಗಬಹುದು. ಅದೂ ಅಪಾಯವಿಲ್ಲದ್ದಲ್ಲ. ಜರ್ಮನಿಯಲ್ಲಿ 27 ರೇಡಿಯಾಲಜಿಸ್ಟ್‌ಗಳಿಗೆ ಬೇಕೆಂದೇ ಕೆಲವು ಕಡೆ ತಪ್ಪು ಸಲಹೆ ತೋರಿಸಿ ನೋಡಿದರು. ಕಂಪ್ಯೂಟರ್ ಸರಿ ಹೇಳಿದಾಗ ಹೊಸಬರೂ ಹಳಬರೂ ಸುಮಾರು ಶೇ. 80ರಷ್ಟು ಸರಿ ಹೇಳಿದರು. ಅದು ತಪ್ಪಿದಾಗ ಹೊಸಬರು ಶೇ. 20ಕ್ಕೆ ಕುಸಿದರು. ತುಂಬ ಅನುಭವಸ್ಥರೂ ಶೇ. 45ಕ್ಕೆ. ಪರದೆಯ ಮೇಲಿನ ಅಂಕ ನೋಡಿದ ಮೇಲೆ ಅದನ್ನು ಮರೆತು ಚಿತ್ರ ನೋಡುವುದು ಕಷ್ಟ.

ಬೆಂಗಳೂರಿನದೇ ಆದ ಒಂದು ಪ್ರಯತ್ನವೂ ಇದೆ. 2016ರಲ್ಲಿ ಗೀತಾ ಮಂಜುನಾಥ್ ಶುರು ಮಾಡಿದ ನಿರಾಮಯ್ ಕಂಪನಿ ಶಾಖದ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಓದುತ್ತದೆ. ಒತ್ತುವುದಿಲ್ಲ, ಮುಟ್ಟುವುದಿಲ್ಲ, ವಿಕಿರಣ ಇಲ್ಲ. ಯಂತ್ರವನ್ನು ಕ್ಯಾಂಪ್‌ಗೆ ಒಯ್ಯಬಹುದು. ಮುಜುಗರದಿಂದ ಹಿಂಜರಿಯುವ ಮಹಿಳೆಯರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಶಾಖದ ಚಿತ್ರ ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ ಅಂತ ಎಫ್‌ಡಿಎ ಹಲವು ಸಲ ಎಚ್ಚರಿಸಿದೆ. ಅದು ಈ ವಿಧಾನಕ್ಕೆ ಒಪ್ಪಿಗೆ ಕೊಡುವುದೇ ಬೇರೆ ಪರೀಕ್ಷೆಯ ಜೊತೆಗಿನ ಸಹಾಯಕನಾಗಿ ಮಾತ್ರ. ಸಾವಿರಾರು ಆರೋಗ್ಯವಂತ ಮಹಿಳೆಯರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿದ ಪುರಾವೆ ಈ ವಿಧಾನಕ್ಕೆ ಬೇಕು. ನಮ್ಮ ಊರಿನದು ಅನ್ನುವ ಪ್ರೀತಿ ಬೇರೆ, ಅಳತೆಗೋಲು ಬೇರೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್, 98 ಸಾವಿರ ಸಾವು. 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 1ಕ್ಕಿಂತ ಕಮ್ಮಿ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇದು ಮ್ಯಾಮೊಗ್ರಾಮ್‌ನ ಲೆಕ್ಕವಲ್ಲ, ಯಾವುದೇ ಬಗೆಯ ಪರೀಕ್ಷೆಯ ಲೆಕ್ಕ.

ನಮ್ಮಲ್ಲಿ ಪಶ್ಚಿಮದವರಿಗಿಂತ ಹತ್ತು ವರ್ಷ ಮೊದಲೇ ಈ ಕಾಯಿಲೆ ಬರುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ರೋಗಿಗಳ ಸರಾಸರಿ ವಯಸ್ಸು ನೋಡಿದರೆ ಹೌದು. ಆದರೆ ನಮ್ಮ ಜನಸಂಖ್ಯೆಯೇ ಎಳೆಯದು. 45ರ ಒಬ್ಬ ಭಾರತೀಯ ಮಹಿಳೆಗೆ ಅದೇ ವಯಸ್ಸಿನ ಅಮೆರಿಕದ ಮಹಿಳೆಗಿಂತ ಅಪಾಯ ಜಾಸ್ತಿ ಅಂತ ಇದರ ಅರ್ಥವಲ್ಲ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ಇಲ್ಲಿನ ಪ್ರಮಾಣ ಲಕ್ಷಕ್ಕೆ 27ರ ಆಸುಪಾಸು, ಅಮೆರಿಕದಲ್ಲಿ 95ರ ಆಸುಪಾಸು.

ಇದು ಒಣ ಅಂಕಿಯಂತೆ ಕಂಡರೂ ಯಂತ್ರದ ಬೆಲೆ ನಿರ್ಧರಿಸುವುದು ಇದೇ. ಒಂದು ಲೆಕ್ಕ ಹಾಕಿ. ಸಾವಿರ ಮಹಿಳೆಯರಲ್ಲಿ ಆರು ಮಂದಿಗೆ ಕ್ಯಾನ್ಸರ್ ಇದ್ದು, ಯಂತ್ರ 50 ಮಂದಿಯನ್ನು ಸುಳ್ಳೇ ಮತ್ತೆ ಕರೆಸುತ್ತದೆ ಅಂತಿಟ್ಟುಕೊಳ್ಳಿ. ಮತ್ತೆ ಬಂದವರಲ್ಲಿ ಒಂಬತ್ತರಲ್ಲೊಬ್ಬರಿಗೆ ನಿಜವಾಗಿ ಕಾಯಿಲೆ. ಅದೇ ಯಂತ್ರವನ್ನು ಸಾವಿರಕ್ಕೆ ಬರೀ ಇಬ್ಬರಿಗೆ ಕ್ಯಾನ್ಸರ್ ಇರುವ ಊರಿಗೆ ತನ್ನಿ. ಆಗ 26ರಲ್ಲೊಬ್ಬರಿಗೆ. ಯಂತ್ರ ಕೆಟ್ಟಿಲ್ಲ, ಊರು ಬದಲಾಯಿತು ಅಷ್ಟೆ. ಉಳಿದ 25 ಮಂದಿ ಬಸ್ ಹಿಡಿದು, ಕೂಲಿ ಬಿಟ್ಟು, ಮನೆಯಲ್ಲಿ ‘ಕ್ಯಾನ್ಸರ್ ಇರಬಹುದಂತೆ’ ಅನ್ನಿಸಿಕೊಂಡು ಬಂದವರು.

ಇಂಥ ಕಡೆ ಏನು ನಡೆಯುತ್ತದೆ ಅನ್ನುವುದಕ್ಕೆ ನಮ್ಮ ದೇಶದ್ದೇ ದೊಡ್ಡ ಪುರಾವೆ ಇದೆ. ಮುಂಬೈಯ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಶುರು ಮಾಡಿ, 35ರಿಂದ 64 ವರ್ಷದ 1.5 ಲಕ್ಷ ಮಹಿಳೆಯರನ್ನು 20 ವರ್ಷ ಹಿಂಬಾಲಿಸಿದರು. ಯಂತ್ರ ಇಲ್ಲ. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಿದರು. ಮುಂದುವರಿದ ಹಂತದಲ್ಲಿ ಪತ್ತೆಯಾಗುವುದು ಕಡಿಮೆಯಾಯಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿಯಿತು. 50ಕ್ಕಿಂತ ಚಿಕ್ಕವರಲ್ಲಿ ಸಾವಿನ ಇಳಿಕೆ ಕಾಣಲಿಲ್ಲ. ಇಪ್ಪತ್ತು ವರ್ಷ ಕಾದು ಸಾವನ್ನೇ ಎಣಿಸಿದ ಈ ಅಧ್ಯಯನಕ್ಕೆ ಹೊಸ ಯಂತ್ರಗಳಿಗೆ ಸಿಗುವ ಪ್ರಚಾರದ ಹತ್ತರಲ್ಲೊಂದು ಭಾಗವೂ ಸಿಗಲಿಲ್ಲ.

ಹಾಗಂತ ಯಂತ್ರ ಬೇಡ ಅಂತಲ್ಲ. 50ರ ಒಳಗಿನವರಿಗೆ ಏನು ಮಾಡುವುದು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಅದಕ್ಕೆ ಹತ್ತಿರದ ಉತ್ತರ ಜಪಾನ್‌ನಿಂದ ಬಂದಿದೆ. 2016ರಲ್ಲಿ ಫಲಿತಾಂಶ ಕೊಟ್ಟ ಜೆ-ಸ್ಟಾರ್ಟ್ ಅಧ್ಯಯನದಲ್ಲಿ 40ರಿಂದ 49 ವರ್ಷದ ಸುಮಾರು 73 ಸಾವಿರ ಮಹಿಳೆಯರಿದ್ದರು. ಬರೀ ಮ್ಯಾಮೊಗ್ರಾಮ್ ಶೇ. 77ರಷ್ಟು ಕ್ಯಾನ್ಸರ್ ಹಿಡಿದರೆ, ಜೊತೆಗೆ ಮಾಮೂಲಿ ಅಲ್ಟ್ರಾಸೌಂಡ್ ಸೇರಿಸಿದಾಗ ಶೇ. 91. ಇಂಟರ್ವಲ್ ಕ್ಯಾನ್ಸರ್ 35ರಿಂದ 18ಕ್ಕೆ ಇಳಿಯಿತು. ನಮ್ಮ ಅಳತೆಗೋಲಿನಲ್ಲಿ ಪಾಸ್. ಸುಳ್ಳು ಗಾಬರಿಯೂ ಏರಿತು ನಿಜ. ಆದರೆ ಅಲ್ಟ್ರಾಸೌಂಡ್ ಅಗ್ಗ, ವಿಕಿರಣ ಇಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳೂ ಬಂದಿವೆ. ತಾಲ್ಲೂಕು ಆಸ್ಪತ್ರೆಗೆ, ಹಳ್ಳಿ ಕ್ಯಾಂಪ್‌ಗೆ ಇದಕ್ಕಿಂತ ಹೊಂದುವ ಯಂತ್ರ ಇನ್ನೊಂದಿಲ್ಲ.

ಇಲ್ಲೊಂದು ನಮ್ಮದೇ ತೊಡಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಒಯ್ಯಬಹುದಾದ ಯಂತ್ರಗಳ ಮೇಲೆ 2012ರ ನಿಯಮಗಳು ಇನ್ನಷ್ಟು ಬಿಗಿ ಮಾಡಿವೆ. ಕಾಯ್ದೆಯ ಉದ್ದೇಶದ ಬಗ್ಗೆ ಎರಡು ಮಾತಿಲ್ಲ, ಹೆಣ್ಣು ಭ್ರೂಣ ಉಳಿಸಲು ಅದು ಬೇಕೇ ಬೇಕು. ಆದರೆ ಸ್ತನ ನೋಡುವ ಯಂತ್ರಕ್ಕೂ ಗರ್ಭ ನೋಡುವ ಯಂತ್ರಕ್ಕೂ ನಿಯಮ ಒಂದೇ ಆಗಿದೆ. ಗರ್ಭದ ಆಳಕ್ಕೆ ಇಳಿಯಲಾರದ, ಬರೀ ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ ತೋರಿಸುವ ಯಂತ್ರವನ್ನು ಬೇರೆ ವರ್ಗಕ್ಕೆ ಸೇರಿಸುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಈ ಚರ್ಚೆ ಶುರುವಾಗಬೇಕಿರುವುದು ಪ್ರಯೋಗಾಲಯದಲ್ಲಿ ಅಲ್ಲ, ಆರೋಗ್ಯ ಇಲಾಖೆಯಲ್ಲಿ.

ಇನ್ನೊಂದು, ಚಿತ್ರ ತೆಗೆದ ಮೇಲಿನ ದಾರಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸಿ, ಉಪಕೇಂದ್ರದಲ್ಲಿ ಗಂಟು ಗುರುತಿಸಿದರು ಅಂತಿಟ್ಟುಕೊಳ್ಳಿ. ಯಾದಗಿರಿಯ ಹಳ್ಳಿಯೊಂದರ ಆ ಮಹಿಳೆ ಮ್ಯಾಮೊಗ್ರಾಮ್‌ಗೆ ಒಂದು ಸಲ, ಬಯಾಪ್ಸಿಗೆ ಇನ್ನೊಂದು ಸಲ, ರಿಪೋರ್ಟ್‌ಗೆ ಮತ್ತೊಂದು ಸಲ ಊರು ಬಿಡಬೇಕು. ಆಮೇಲೆ ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕು. ಗಂಟು ಕಂಡವರಿಗೆ 60 ದಿನದೊಳಗೆ ಖಚಿತ ಉತ್ತರ ಸಿಗಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಸೂಜಿ ಹಾಕಿ ಬಯಾಪ್ಸಿ ತೆಗೆಯಬಹುದು. ನೋಡಿದ ದಿನವೇ ಇದಾಗುವ ಜಿಲ್ಲಾಸ್ಪತ್ರೆಯಿದ್ದರೆ ಈ ಓಡಾಟದಲ್ಲಿ ಕನಿಷ್ಠ ಒಂದು ಸಲದ್ದಾದರೂ ತಪ್ಪುತ್ತದೆ. ಹೊಸ ಸಾಫ್ಟ್‌ವೇರ್‌ಗೆ ದುಡ್ಡು ಹಾಕುವ ಮೊದಲು ನಾನಾಗಿದ್ದರೆ ಈ ಸೂಜಿಗೆ, ಅದನ್ನು ಹಾಕಬಲ್ಲವರ ತರಬೇತಿಗೆ, ರಿಪೋರ್ಟ್ ಬರೆಯುವ ಪೆಥಾಲಜಿಸ್ಟ್‌ಗೆ ಹಾಕುತ್ತಿದ್ದೆ.

ಊರಲ್ಲೇ ಒಳ್ಳೆಯ ಯಂತ್ರ ಇದ್ದು, ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರು ಮೊದಲು ರಿಪೋರ್ಟ್‌ನಲ್ಲಿ ದಟ್ಟಣೆಯ ದರ್ಜೆ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಕೇಳಿ. ಸಿ ಅಥವಾ ಡಿ ಇದ್ದರೆ ಜೊತೆಗೆ ಅಲ್ಟ್ರಾಸೌಂಡ್ ಬೇಕಾ ಅಂತ ವೈದ್ಯರನ್ನು ವಿಚಾರಿಸಿ. ಹಳೆಯ ಚಿತ್ರಗಳ ಸಿಡಿ ಬಿಸಾಡಬೇಡಿ. ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಗಿದೆ ಅನ್ನುವುದು ರೇಡಿಯಾಲಜಿಸ್ಟ್‌ಗೆ ಎಷ್ಟೋ ಸಲ ಯಾವ ಹೊಸ ತಂತ್ರಜ್ಞಾನಕ್ಕಿಂತಲೂ ಹೆಚ್ಚು ಹೇಳುತ್ತದೆ. ಅಮ್ಮನಿಗೋ ಅಕ್ಕನಿಗೋ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ ನಿಮ್ಮ ಲೆಕ್ಕವೇ ಬೇರೆ, ಎಂಆರ್‌ಐ ಮಾತು ಅಲ್ಲಿ ಬರುತ್ತದೆ. ಮತ್ತೆ ಗಂಟು ಕೈಗೆ ಸಿಗುತ್ತಿದ್ದರೆ ಅದು ಸ್ಕ್ರೀನಿಂಗ್ (ಲಕ್ಷಣ ಇಲ್ಲದವರ ತಪಾಸಣೆ) ಅಲ್ಲವೇ ಅಲ್ಲ. ಮ್ಯಾಮೊಗ್ರಾಮ್ ನಾರ್ಮಲ್ ಅಂದರೂ, ಕಂಪ್ಯೂಟರ್ 1 ಅಂಕ ಕೊಟ್ಟಿದ್ದರೂ, ಆ ಗಂಟು ಏನು ಅಂತ ಅಲ್ಟ್ರಾಸೌಂಡ್‌ನಿಂದಲೋ ಸೂಜಿಯಿಂದಲೋ ಖಚಿತವಾಗುವವರೆಗೆ ಆಸ್ಪತ್ರೆ ಬಿಡಬೇಡಿ.